ಕೆಂಪು ಬಾರದ ಪ್ರಿಂಟರ್

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಪೀರಬಿಯ ಬಾಯಲ್ಲಿ ಉಳಿದದ್ದು ಒಂದೇ ಮಾತು, “ಬಾ.” ನೀರು ಬೇಕಾದರೂ ಬಾ, ಬೇಡವಾದರೂ ಬಾ. ಎದುರಿಗಿದ್ದವರಿಗೆ ತಿಳಿಯದಿದ್ದರೆ ಎಡಗೈಯಿಂದ ಮಂಚದ ಪಟ್ಟಿಯನ್ನು ದಬದಬ ಬಡಿಯುವಳು. ಬಲಗೈ ಏಳುತ್ತಿರಲಿಲ್ಲ.

ಮಗಳು ನಸ್ರೀನ ಬಸವನ ಬಾಗೇವಾಡಿಯಲ್ಲಿ ಸಾಲಿ ಟೀಚರ್. ರಜೆ ಹಾಕಿ ಕೊಲ್ಹಾರದ ತವರಿಗೆ ಬಂದಿದ್ದಳು. ಮಾತು ಕಲಿಸುವ ಡಾಕ್ಟರಮ್ಮ ವಿಜಯಪುರದಲ್ಲಿ ಹೇಳಿದ್ದರು: “ಆಕಿ ದಿನಾ ಬಳಸೋ ಸಾಮಾನದ ಫೋಟೋ ತಗದು ಕಾರ್ಡ್ ಮಾಡ್ರಿ. ಬೇಕಾದ್ದನ್ನ ಬೆರಳಿಟ್ಟು ತೋರಿಸ್ತಾಳ.”

ನಸ್ರೀನ ಫೋಟೋ ತೆಗೆದಳು. ನೀರಿನ ತಂಬಿಗೆ, ಚಹಾದ ಕಪ್ಪು, ಗುಳಿಗೆ, ಒಲೆ, ಮಂಚ, ಬಚ್ಚಲು. ಝರಾಕ್ಸ್ ಅಂಗಡಿಯಲ್ಲಿ ಬರುತ್ತಿದ್ದದ್ದು ಬರೀ ಕಪ್ಪು. ಆ ಮಸಿ ಮಸಿ ಹಾಳೆಯನ್ನು ಪೀರಬಿ ಒಮ್ಮೆ ನೋಡಿ ಮುಖ ತಿರುಗಿಸಿದಳು. ನಸ್ರೀನಳ ತಮ್ಮ ಓದುವಾಗ ತಂದಿದ್ದ ಪ್ರಿಂಟರ್ ಅಟ್ಟದ ಮೇಲಿತ್ತು, ಎರಡು ಬೇಸಿಗೆ ಕಂಡಿತ್ತು. ಇಳಿಸಿ ಹಚ್ಚಿದರೆ ಕೆಂಪು ಬಣ್ಣವೇ ಇಲ್ಲ. ತಾಮ್ರದ ತಂಬಿಗೆ ಪಾಚಿ ಹಿಡಿದಂತೆ, ಚಹಾ ಹಸಿರು ಕಷಾಯದಂತೆ ಬಂತು. ಪೀರಬಿ ಆ ಕಾರ್ಡನ್ನು ಮುದ್ದೆ ಮಾಡಿ ಎಸೆದಳು.

“ಆಕಿ ತಂಬಿಗಿ ಆಕಿಗೇ ಗುರ್ತ ಸಿಗವಲ್ದು,” ಅಂದ ತಂದೆ ಬಂದಗಿಸಾಬ. ರಿಪೇರಿಯವನಿಗೆ ಫೋನ್ ಹಚ್ಚಿದರೆ, “ಅದರ ಹೆಡ್ ಸತ್ತೈತ್ರಿ, ಹೊಸಾದು ತರ್ರಿ,” ಎಂದು ಇಟ್ಟುಬಿಟ್ಟ.

ನಸ್ರೀನ ಫೋನಿನಲ್ಲಿ ವಿಡಿಯೋ ನೋಡಿದಳು. ಶಾಯಿ ಉಗುಳುವ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಶಾಯಿ ಒಣಗಿ ಅವು ಕಟ್ಟಿಕೊಂಡಿವೆ, ಅಷ್ಟೇ. ಕ್ಲೀನಿಂಗ್ ಬಟನ್ ಒತ್ತಿ ಒತ್ತಿ ಶಾಯಿ ಖರ್ಚಾಯಿತೇ ಹೊರತು ಕೆಂಪು ಇಳಿಯಲಿಲ್ಲ. ಹೆಡ್ಡನ್ನೇ ಬಿಚ್ಚಿ ಹೊರಗೆ ತೆಗೆದಳು. ಟ್ರ್ಯಾಕ್ಟರ್ ಬ್ಯಾಟರಿಗೆಂದು ತಂದಿಟ್ಟ ಡಿಸ್ಟಿಲ್ಡ್ ವಾಟರಿನ ಬಾಟಲಿಯನ್ನು ಬಂದಗಿಸಾಬ ಹುಡುಕಿ ಕೊಟ್ಟ. ಅದನ್ನು ಬೆಚ್ಚಗೆ ಮಾಡಿ, ತಟ್ಟೆಯಲ್ಲಿ ಮಡಿಸಿದ ಟಿಶ್ಯೂ ತೋಯಿಸಿ, ಅದರ ಮೇಲೆ ಹೆಡ್ಡನ್ನು ಕೂರಿಸಿದಳು.

ಇನ್ನು ಕಾಯುವುದು. ಕಾಯುವುದೇ ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ತಟ್ಟೆ ನೋಡಬೇಕು. ಬಂದಗಿಸಾಬ ಹೊರಗೆ ಹೋಗಿ ಚಪ್ಪಲಿ ಮೆಟ್ಟುವನು, ಬಿಟ್ಟು ಒಳಗೆ ಬರುವನು. “ಆತೇನು? ಬಂತೇನು?”

“ನೀವು ಕೇಳಿದ್ರ ಬರ್ತೈತೇನ್ರಿ ಅಬ್ಬಾ?”

ಆಗಲೇ ನೆರೆಮನೆಯ ಲಕ್ಕವ್ವ ಮೊಸರನ್ನದ ಗಡಿಗೆ ಹಿಡಿದು ಬಂದಳು. ಅವಳ ಹಿಂದೆ ಮಸೂತಿ ಊರಿನಿಂದ ನೋಡಲು ಬಂದ ಇಬ್ಬರು ನೆಂಟರು. ಬಾಗಿಲಿಗೆ ಎದುರಾಗಿಯೇ ಪೀರಬಿಯ ಮಂಚ. ಎಲ್ಲರೂ ಅಲ್ಲೇ ನಿಂತು ಚ್ಚಚ್ಚಚ್ಚ ಎಂದರು.

ಪೀರಬಿ ಪಟ್ಟಿ ಬಡಿಯತೊಡಗಿದಳು. “ಬಾ! ಬಾ!” ಕೈ ಅಡುಗೆಮನೆಯತ್ತ.

“ಹಸಿವ್ಯಾಗೈತಿ ಪಾಪ,” ಎಂದು ಲಕ್ಕವ್ವ ಮೊಸರನ್ನದ ಚಮಚ ಬಾಯಿಗೆ ಹಿಡಿದಳು. ಪೀರಬಿ ಅದನ್ನು ತಳ್ಳಿದಳು. ಅನ್ನ ನೆಂಟರ ಕಾಲ ಮೇಲೆ ಬಿತ್ತು. ಅವರು ಹೋದ ಮೇಲೂ ಬಡಿತ ನಿಲ್ಲಲಿಲ್ಲ.

ನಸ್ರೀನ ತಟ್ಟೆಗೆ ಮರಳಿದಳು. ಟಿಶ್ಯೂ ಮೇಲೆ ನೀಲಿ ಇಳಿದಿತ್ತು, ಹಳದಿ ಇಳಿದಿತ್ತು. ಕೆಂಪಿನ ಜಾಗ ಬೆಳ್ಳಗೆ. ಸಿರಿಂಜಿಗೆ ಸಣ್ಣ ನಳಿಕೆ ಸಿಕ್ಕಿಸಿ, ಕೆಂಪು ಶಾಯಿ ಒಳಹೋಗುವ ತೂತಿಗೆ ಹಚ್ಚಿ ಮೆಲ್ಲಗೆ ಬೆಚ್ಚನೆಯ ನೀರು ಒತ್ತಿದಳು. ಒಳಗೆ ಹೋಗಲೊಲ್ಲದು.

“ಜೋರ್ಲೆ ಒತ್ತು,” ಅಂದ ಬಂದಗಿಸಾಬ.

“ಒಳಗ ಹರದು ಹೋಗತೈತ್ರಿ.”

“ಹಿಂಗ ಒತ್ತಿದ್ರ ಅದು ಬರೂತನಕ ಆಕಿ ಮಂಚಾನ ಮುರೀತಾಳ!”

ನಸ್ರೀನ ಒತ್ತಿದಳು. ನಳಿಕೆ ಫಟ್ಟನೆ ಕಿತ್ತುಬಂದು ನೀರು ಅವಳ ಮುಖಕ್ಕೇ ಹಾರಿತು. “ಹೊರಗ ಹೋಗ್ರಿ ಅಬ್ಬಾ!” ಎಂದು ಚೀರಿದಳು. ಆ ಕೂಗಿಗೆ ಪೀರಬಿಯ ಕೈಯೂ ನಿಂತಿತು. ಬಂದಗಿಸಾಬ ಹೋಗಿ ಕಟ್ಟೆಯ ಮೇಲೆ ಕೂತ. ನಸ್ರೀನ ತಲೆ ತಗ್ಗಿಸಿ ಸ್ವಲ್ಪ ಹೊತ್ತು ಅತ್ತಳು. ಬೈದದ್ದು ಅವನನ್ನಲ್ಲ ಎಂದು ಅವಳಿಗೂ ಗೊತ್ತಿತ್ತು.

ಮುಖ ತೊಳೆದು ಬಂದು ಮತ್ತೆ ನಳಿಕೆ ಹಚ್ಚಿದಳು. ಈ ಸಲ ಒತ್ತಲಿಲ್ಲ. ಒಂದಿಷ್ಟು ತಳ್ಳಿ, ಒಂದಿಷ್ಟು ಹಿಂದಕ್ಕೆಳೆದು, ಮತ್ತೆ ತಳ್ಳಿ. ಬೆರಳಿಗೆ ಏನೋ ಸಡಿಲಾದಂತೆ ಅನಿಸಿತು. ಟಿಶ್ಯೂ ಮೇಲೆ ನೂಲಿನಷ್ಟು ತೆಳ್ಳಗೆ ಕೆಂಪು ಮೂಡಿತು, ಹರಡಿತು, ದಾಸವಾಳದ ಎಸಳಿನಷ್ಟಾಯಿತು.

“ಅಬ್ಬಾ, ಬರ್ರಿ! ಬಂತು!”

ಹೆಡ್ಡನ್ನು ಒರೆಸಿ ಪೂರ್ತಿ ಒಣಗಲು ಬಿಟ್ಟು, ಸಂಜೆಗೆ ಜೋಡಿಸಿದಳು. ಪರೀಕ್ಷೆಗೆಂದು ತೆಗೆದ ಹಾಳೆಯಲ್ಲಿ ಕೆಂಪು ಗೆರೆ ಒಂದೆಡೆ ತುಂಡಾಗಿತ್ತು. ಇರಲಿ ಎಂದು ಫೋಟೋಗಳನ್ನು ಪ್ರಿಂಟಿಗೆ ಕೊಟ್ಟಳು. ತಂಬಿಗೆ ತಾಮ್ರವಾಗಿ ಬಂತು, ಚಹಾ ಚಹಾದಂತೆ ಬಂತು.

ಕಾರ್ಡುಗಳನ್ನು ಕತ್ತರಿಸಿ ತಾಯಿಯ ಮುಂದೆ ಹರಡಿದಳು. ಪೀರಬಿ ತಂಬಿಗೆಯ ಮೇಲೆ ಬೆರಳಾಡಿಸಿದಳು, ಬಿಟ್ಟಳು. ಬಚ್ಚಲು, ಬಿಟ್ಟಳು. ಮಂಚದ ಕಾರ್ಡ್ ಎತ್ತಿದಳು. ಅದನ್ನು ಒಲೆಯ ಕಾರ್ಡಿನ ಮೇಲೆ ಇಟ್ಟು ಮಗಳ ಮುಖ ನೋಡಿದಳು. ನಸ್ರೀನಳಿಗೆ ತಿಳಿಯಲಿಲ್ಲ. ಪೀರಬಿ ಮತ್ತೆ ಎತ್ತಿ, ಮತ್ತೆ ಅಲ್ಲೇ ಇಟ್ಟಳು. ಆಮೇಲೆ ತೆರೆದ ಬಾಗಿಲಿನತ್ತ ಕೈ ತೋರಿಸಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಬಂದಗಿಸಾಬನಿಗೆ ಮೊದಲು ಹೊಳೆಯಿತು. “ಯಾ ಅಲ್ಲಾ. ಮಂಚಾ ಒಳಗ ಒಲಿ ಕಡೆ ಹಾಕ್ರಿ ಅನ್ನಾಕತ್ತಾಳ. ಹೋಗೂ ಬರೂ ಮಂದಿ ಎಲ್ಲಾ ನೋಡತಾರಲ್ಲ ಆಕಿನ್ನ.”

“ಬಾ,” ಅಂದಳು ಪೀರಬಿ, ಮೆಲ್ಲಗೆ.

ಗಾಳಿ ಬರಲಿ ಎಂದು ಮಂಚ ಹೊರಕೋಣೆಗೆ ಹಾಕಿದವನು ಅವನೇ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಮಂಚ ಎಳೆದರು. ಬಾಗಿಲಲ್ಲಿ ಸಿಕ್ಕಿತು, ಕಾಲು ಬಿಚ್ಚಬೇಕಾಯಿತು. ಪೀರಬಿ ಕುರ್ಚಿಯಿಂದಲೇ ಕೈ ಮಾಡಿ ಆಚೆ ಸರಿಸು, ಈಚೆ ಸರಿಸು ಎಂದು ನಡೆಸಿದಳು. ಒಲೆ ಕಾಣುವಂತೆ, ಬಾಗಿಲು ಕಾಣದಂತೆ ಹಾಕಿಸಿಕೊಂಡಳು.

ಮಲಗಿಸಿದ ಮೇಲೆ ಕಾರ್ಡುಗಳನ್ನು ತಾನೇ ಹತ್ತಿರ ಎಳೆದುಕೊಂಡಳು. ಚಹಾದ ಕಾರ್ಡನ್ನು ಗಂಡನ ಕೈಗೆ ಕೊಟ್ಟಳು. ಗುಳಿಗೆಯ ಕಾರ್ಡನ್ನು ಮಂಚದ ಕೆಳಗೆ ಬಿಸಾಕಿದಳು.