ಹದಿನೇಳನೇ ಸಾಲು

ಹದಿನೇಳನೇ ನಂಬರಿನ ಸಾಲಿನ ಮುಂದೆ ಅಂಜನಾ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಎಲೆಯನ್ನು ತಿರುವಿ ನೋಡಿದಳು. ಸೂಜಿಮೊನೆಯ ಒಂದೆರಡು ಚುಕ್ಕೆ ಬಿಟ್ಟರೆ ತೂತಿಲ್ಲ, ಕೆರೆದ ಗುರುತಿಲ್ಲ, ಹುಳುವಿನ ಲದ್ದಿಯೂ ಇಲ್ಲ. ಅಕ್ಕಪಕ್ಕದ ಸಾಲುಗಳನ್ನು ಸೈನಿಕ ಹುಳು ತಿಂದು ಜರಡಿ ಮಾಡಿತ್ತು. ಇದೇ ತಳಿಯನ್ನು ಹೊಲದಲ್ಲಿ ಇನ್ನೆರಡು ಕಡೆ ಬಿತ್ತಿದ್ದಳು. ಅಲ್ಲಿಯೂ ಎಲೆ ಹೀಗೆಯೇ ಸ್ವಚ್ಛ. ಹಾನಿ ಹೆಚ್ಚಿದಂತೆ ಒಂದರಿಂದ ಒಂಬತ್ತರವರೆಗೆ ಅಂಕ. ಮೂರೂ ಕಡೆಗೆ ‘ಎರಡು’ ಎಂದು ಅಂಕದ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದಳು. ಖುಷಿಗೆ ಅಕ್ಷರ ಸೊಟ್ಟಗಾದವು.

ಕಮಲಾಪುರದ ದೌಲಪ್ಪ ತನ್ನ ಕೆಂಪು ಬಾಳೆಯ ತೋಟದ ಮಗ್ಗುಲಿಗೆ ಅವಳ ಪ್ರಯೋಗಕ್ಕೆ ಅರ್ಧ ಎಕರೆ ಕೊಟ್ಟು ಎರಡು ವರ್ಷವಾಗಿತ್ತು. ಅಂಜನಾ ಕಲಬುರಗಿಯ ಪ್ರಯೋಗಾಲಯದಲ್ಲಿ ಹುಳು ಸಾಕುತ್ತಿದ್ದಳು. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುವ ಜಾತಿ ಅದು. ಹಾಗಾಗಿ ಒಂದೊಂದಕ್ಕೂ ಒಂದೊಂದು ಮುಚ್ಚಳದ ಬಟ್ಟಲು. ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಸಂಜೆ ಹೊತ್ತಿಗೆ ಮೆಕ್ಕೆಜೋಳದ ಸುಳಿಸುಳಿಗೂ ಕುಂಚದಿಂದ ಬಿಡುತ್ತಿದ್ದಳು. ಊರಿನವರು ಹುಳು ಕೊಲ್ಲಲು ಸಾಲ ಸೋಲ ಮಾಡಿ ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುತ್ತಿದ್ದರೆ, ಈಕೆ ಸರಕಾರದ ಫೆಲೋಶಿಪ್ ತಿಂದು ಹುಳು ಬಿಡುತ್ತಿದ್ದಳು. ನಲವತ್ತು ತಳಿಗಳಲ್ಲಿ ಯಾವುದು ತಡೆದುಕೊಳ್ಳುತ್ತದೆ ಎಂದು ನೋಡುವುದು ಅವಳ ಕೆಲಸ.

ಗುರುವಾರ ಮಾರ್ಗದರ್ಶಕ ರಘೂತ್ತಮ ಸರ್ ಸಮಿತಿಯವರನ್ನು ಕರೆತರುವವರಿದ್ದರು. ಒಂದೇ ಒಂದು ತಳಿ ನಿಂತರೂ ಮೂರನೇ ವರ್ಷದ ಫೆಲೋಶಿಪ್ ಸಿಗುತ್ತದೆ. ಇಲ್ಲದಿದ್ದರೆ ಮಾರ್ಚಿಗೆ ಮುಗಿಯುತ್ತದೆ. ಆಮೇಲೆ ನಂದೂರಿನ ಅದೇ ದಾಲ್ ಮಿಲ್ಲು. ಮೊದಲಿನಂತೆ ಚೀಲಕ್ಕೆ ಚುಚ್ಚಿ ತೊಗರಿ ತೆಗೆದು ಹಸಿಯೋ ಒಣವೋ ಎಂದು ಬರೆಯುವುದು. ಆ ಕೆಲಸ ಕೆಟ್ಟದ್ದೇನಲ್ಲ. ಆದರೆ ಅಲ್ಲಿ ದಿನವಿಡೀ ಯಾರೂ ಯಾಕೆ ಎಂಬ ಮಾತು ಆಡುತ್ತಿರಲಿಲ್ಲ. ಅವಳಿಗೆ ಅಲ್ಲಿಗೆ ಹೋಗುವುದು ಬೇಡವಾಗಿತ್ತು.

ಫೋಟೊ ತೆಗೆಯಲೆಂದು ಸುಳಿ ಬಿಡಿಸಿದಾಗ ಬೆರಳಿಗೆ ಬೂದು ಪುಡಿ ಹತ್ತಿತು. ಮೂಸಿದಳು. ಒಲೆಯ ಬೂದಿ. ಮುಂದಿನ ಗಿಡದಲ್ಲೂ ಅದೇ, ಅದರಾಚೆಯದರಲ್ಲೂ ಅದೇ. ಹದಿನಾರಕ್ಕೆ ಇಲ್ಲ, ಹದಿನೆಂಟಕ್ಕೂ ಇಲ್ಲ.

"ಕಾಕು, ಈ ಬೂದಿ ಯಾರು ಹಾಕ್ಯಾರ?"

ದೌಲಪ್ಪನ ಹೆಂಡತಿ ಲಲಿತಾಬಾಯಿ ಬಾಳೆಯ ಒಣಎಲೆ ಕೊಯ್ಯುತ್ತಿದ್ದವಳು ಕುಡುಗೋಲು ಹಿಡಿದೇ ಬಂದಳು. ಮುಖ ಅರಳಿತ್ತು.

"ನಾನೇ ಹಾಕೀನಿ ಯವ್ವಾ. ಹದಿನೈದು ದಿನಾ ಆತು. ಜರಡಿ ಹಿಡದು ಸಣ್ಣ ಬೂದಿ ಹಾಕೀನಿ. ಹ್ಯಾಂಗ ಆಗ್ಯಾವ ನೋಡು!"

"ಇದೊಂದಕ್ಕೇ ಯಾಕ?"

"ನೀನೇ ಹೇಳಿದ್ದಿ ಅಲ್ಲ? ಎಳ್ಳಮಾಸಿ ದಿನಾ ಇಲ್ಲೇ ಉಣ್ಣಾಕ ಕುಂತಾಗ. ಕಾಕು, ಈ ಹದಿನೇಳರ ಮ್ಯಾಲೇ ನನ್ನ ಜೀವಾ ಅದ ಅಂದಿ. ಮರುದಿನಾನೇ ಹಾಕ್ದೆ. ಚೀಟಿ ನೋಡಿ ಮೂರೂ ಕಡಿ ಹುಡುಕಿ ಹಾಕೀನಿ. ನನಗ ನಂಬರ ಓದಾಕ ಬರ್ತದ."

ಅಂಜನಾಳಿಗೆ ನೆನಪಾಯಿತು. ಎಳ್ಳ ಅಮಾವಾಸ್ಯೆಯ ದಿನ ಇವರು ಭೂತಾಯಿಗೆ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲಿ, ಅವಳಿಗೂ ಸಜ್ಜೆ ರೊಟ್ಟಿ, ಭಜ್ಜಿ ಬಡಿಸಿದ್ದರು. ಹೊಟ್ಟೆ ತುಂಬಿದ ಖುಷಿಯಲ್ಲಿ ಆಡಿದ ಮಾತು ಅದು. ಭೂಮಿಗೆ ಉಣಿಸಿದ ಕೈ ಅಲ್ಲಿಗೇ ನಿಂತಿರಲಿಲ್ಲ.

"ಆ ಹುಳಾ ನಾನೇ ಬಿಟ್ಟಿದ್ದು ಕಾಕು."

"ಪೈರಿಗಿ ಯಾರಾರ ಹುಳಾ ಬಿಡ್ತಾರೇನು?" ಲಲಿತಾಬಾಯಿ ನಕ್ಕಳು. "ನೀ ಸಂಜಿಮುಂದ ಕುಂಚ ಹಿಡದು ಓಡಾಡ್ತಿದ್ದಿ, ನಾ ಔಷಧ ಹಚ್ಚಾಕತ್ತೀ ಅಂತ ತಿಳಕೊಂಡಿದ್ದೆ. ಅದು ನಾಟಲಿಲ್ಲ ಅಂತ ಬೂದಿ ಹಾಕ್ದೆ."

ಅಂಜನಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಹುಳು ಬಿಟ್ಟು, ಯಾವ ಆಸರೆಯೂ ಇಲ್ಲದೆ ಯಾವ ಗಿಡ ತಾನಾಗಿ ನಿಲ್ಲುತ್ತದೆ ಎಂದು ನೋಡಬೇಕಿತ್ತು. ಈಗ ನಿಂತದ್ದು ಗಿಡವೋ ಬೂದಿಯೋ ಯಾರೂ ಹೇಳಲಾರರು. ಕೇಳುತ್ತ ಕೇಳುತ್ತ ಲಲಿತಾಬಾಯಿಯ ಕೈಯಲ್ಲಿದ್ದ ಕುಡುಗೋಲು ಕೆಳಗಿಳಿಯಿತು.

ಅಷ್ಟರಲ್ಲಿ ಬಂದ ದೌಲಪ್ಪ ಹೆಂಡತಿಗೆ ಎರಡು ಮಾತು ಬೈದು, ಆಮೇಲೆ ದನಿ ತಗ್ಗಿಸಿದ. "ಮೇಡಮ್ಮರ, ಫಿಕರ್ ಮಾಡಬ್ಯಾಡ್ರಿ. ಇವತ್ತು ನೀರು ಚಿಮುಕಿಸಿ ತೊಳದ್ರ ಬೂದಿ ಹೋಗ್ತದ. ಗುರುವಾರ ಬಂದವರಿಗಿ ಏನು ಗೊತ್ತಾಗ್ತದ? ನಾವಂತೂ ಬಾಯಿ ಬಿಡಂಗಿಲ್ಲ."

ಅಂಜನಾ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಬೇಡ ಎನ್ನಲಿಲ್ಲ. ಕಲಬುರಗಿಯ ಬಸ್ಸಿನಲ್ಲಿ ಕುಳಿತು ಪುಸ್ತಕ ತೆರೆದಳು. ಮೂರು ಎರಡುಗಳು ಬಲು ಚೆಂದ ಕಂಡವು. ಪೆನ್ನಿನಲ್ಲಿ ಬರೆದದ್ದೇ ಖಾಯಂ; ಅವನ್ನು ಹಾಗೆಯೇ ಪೆನ್ನಿನಲ್ಲಿ ತಿದ್ದಿದರೆ ಇನ್ನೊಂದು ವರ್ಷ. ಆಸೆಯಾಯಿತು, ಆಸೆಯಾದದ್ದಕ್ಕೆ ನಾಚಿಕೆಯೂ ಆಯಿತು. ಮರುದಿನ ಬುಧವಾರವಿಡೀ ಕೋಟನೂರಿನ ಅವಳ ಮನೆಯಲ್ಲಿ ಆ ಪುಸ್ತಕ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಅವಳು ಎರಡು ಸಲ ಅದರ ಮೇಲಿನ ಧೂಳು ಒರೆಸಿದಳು, ಧೂಳಿರಲಿಲ್ಲ.

ಗುರುವಾರ ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಂತು ಪೆನ್ನು ತೆಗೆದಳು. ಮೂರು ಅಂಕಗಳ ಮೇಲೂ ಗೀಟು ಎಳೆದು, ಪಕ್ಕದಲ್ಲಿ ‘ಸುಳಿಗೆ ಬೂದಿ ಬಿದ್ದಿದೆ, ಲೆಕ್ಕಕ್ಕಿಲ್ಲ’ ಎಂದು ಬರೆದಳು. ಆಮೇಲೆ, ಮನಸ್ಸು ತಿರುಗುವ ಮೊದಲೇ, ಫೋನು ಹಚ್ಚಿದಳು.

ರಘೂತ್ತಮ ಸರ್ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಜೀಪಿನ ಸದ್ದು ಕೇಳುತ್ತಿತ್ತು.

"ಪೆನ್ನಿನಿಂದ ಬರದೀ ಏನವಾ?"

"ಹೌದ್ರಿ ಸರ್."

"ಹಂಗಾದ್ರ ಬ್ಯಾರೆ ತಳಿ ಒಂದೂ ಉಳದಿಲ್ಲ. ಮಾರ್ಚಿಗೆ ಮುಗೀತದ ಮತ್ತ." ಆಮೇಲೆ, "ಹತ್ತು ಮಿನಿಟಿನಾಗ ಬರ್ತೇವಿ" ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂಜನಾ ಫೋನಿನ ಕಡೆಗೇ ನೋಡುತ್ತ ನಿಂತಳು.

"ತಂಗಿ, ಬಂದ್ರೇನು ಅವರು?" ಲಲಿತಾಬಾಯಿ ಬಾಳೆಯ ಸಾಲಿನ ನಡುವಿನಿಂದ ಓಡೋಡಿ ಬಂದಳು. ಕೈಯಲ್ಲಿ ಬಟ್ಟೆ ಕಟ್ಟಿದ ಸ್ಟೀಲಿನ ಡಬ್ಬಿ. "ನಿನ್ನಿ ಇಡೀ ದಿನಾ ಬಾಜೂಕಿನ ಸಾಯಬಣ್ಣನ ಹೊಲದಾಗ ಹುಳಾ ಆರಿಸೀನಿ. ಆಂವ ನನಗ ಹುಚ್ಚ ಹಿಡದದ ಅಂದ. ಎಣಿಸೀನಿ, ನೂರಾ ಇಪ್ಪತ್ತು ಅವ. ನಿನ್ನ ಸಾಲಿಗಿ ತಿರಗಿ ಬಿಡೋಣು. ತಗೋ."

ಅವಳೇ ಗಂಟು ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ಮೆಕ್ಕೆಜೋಳದ ಎಲೆ ಹಾಕಿ ಹಾಸಿಗೆ ಮಾಡಿದ್ದಳು. ಅದರ ಮೇಲೆ ಲದ್ದಿ, ಸಿಪ್ಪೆ, ಒಂದಿಷ್ಟು ಕರಿಯ ತಲೆಗಳು. ಮೂಲೆಗಳಲ್ಲಿ ಕೊಬ್ಬಿದ ಒಂಬತ್ತೋ ಹತ್ತೋ ಹುಳು.

"ಅಯ್ಯ! ಎಲ್ಲಿ ಹೋದವು?" ಲಲಿತಾಬಾಯಿ ಮುಚ್ಚಳವನ್ನು ತಿರುವಿ ನೋಡಿದಳು. "ಖರೇ ಯವ್ವಾ, ನೂರಾ ಇಪ್ಪತ್ತು ಇದ್ದವು. ಮುಚ್ಚಳಾ ಬರೋಬ್ಬರಿ ಹಾಕಿದ್ದೆ. ಎಲ್ಲಿ ಹೋದವು?"

ಎಲ್ಲಿ ಹೋದವೆಂದು ಅಂಜನಾಳಿಗೆ ಗೊತ್ತಿತ್ತು. ಪೆನ್ನನ್ನು ಪುಸ್ತಕದೊಳಗಿಟ್ಟು, ಪುಸ್ತಕವನ್ನು ಬದುವಿನ ಮೇಲಿಟ್ಟು, ಚೀಲದಿಂದ ಕುಂಚ ತೆಗೆದಳು.

"ಇಷ್ಟು ಸಾಕು ಕಾಕು. ಗಿಡಾನೇ ನಿಲ್ತದೇನು ನೋಡೋಣು."

ಇಬ್ಬರೂ ಹದಿನೇಳನೇ ಸಾಲಿನಲ್ಲಿ ಬಗ್ಗಿದರು. ರಸ್ತೆಯ ಕಡೆ ಜೀಪು ನಿಂತ ಸದ್ದಾಯಿತು. ಅಂಜನಾ ಕುಂಚದ ತುದಿಯಲ್ಲಿ ಒಂದು ಹುಳುವನ್ನು ಎತ್ತಿ ಹಿಡಿದು ಕಾದಳು. ಲಲಿತಾಬಾಯಿ ಮೊದಲ ಗಿಡದ ಸುಳಿಯನ್ನು ಎರಡೂ ಕೈಯಿಂದ ಬಿಡಿಸಿ, ತಾನು ಹಾಕಿದ ಬೂದಿಯನ್ನು ಮೆಲ್ಲಗೆ ಊದಿದಳು.