ಮುಂದಿನ ಸಾಲಿನ ಸೋಫಾ

ಕಂಕುಳಲ್ಲಿ ಹಿಡಿಯುತ್ತಿದೆ, ಡಾಕ್ಟರು ಕೈಯೆತ್ತಿದಾಗಲೆಲ್ಲ ಕೋಟಿನ ಬೆನ್ನು ಪೂರ್ತಿ ಮೇಲೇಳುತ್ತದೆ, ತೋಳು ಕೂರಿಸಿದವನು ಯಾರೋ ಅವಸರದ ಮನುಷ್ಯ, ನನ್ನ ಅಂಗಡಿಗೆ ತಂದಿದ್ದರೆ ಬಿಚ್ಚಿ ಮತ್ತೆ ಕೂರಿಸಿ ಕೊಡುತ್ತಿದ್ದೆ — ಅಂಗಡಿ ಎಲ್ಲಿದೆ ಈಗ, ಮಂಡಿ ಕೈಕೊಟ್ಟ ಮೇಲೆ ಬಾಗಿಲು ಹಾಕಿತು, ಜೀವಮಾನವೆಲ್ಲ ಹೊಲಿಗೆ ಮಷೀನು ತುಳಿದದ್ದಕ್ಕೆ ಸಿಕ್ಕ ಬಹುಮಾನ ಎರಡು ಸವೆದ ಮಂಡಿ, ಬಲಗಡೆಯದನ್ನು ಈ ಡಾಕ್ಟರೇ ತೆಗೆದು ಹೊಸದು ಹಾಕಿದರು, ಪುಣ್ಯಾತ್ಮರು, ಸುಳ್ಳು ಹೇಳಬಾರದು, ಆದರೆ ದಾನಿಗಳ ಈ ಸಮ್ಮೇಳನದಲ್ಲಿ ಮೈಕಿನ ಮುಂದೆ ಅವರು ವರ್ಣಿಸುತ್ತಿರುವ ಆ ಎಪ್ಪತ್ತರ ಮುದುಕಿ ಯಾರು? ಹಾಸಿಗೆ ಹಿಡಿದಿದ್ದರು, ಬದುಕುವ ಆಸೆಯನ್ನೇ ಬಿಟ್ಟಿದ್ದರು — ನಾನೇ? ಆಸ್ಪತ್ರೆಗೆ ಸೇರುವ ಹಿಂದಿನ ದಿನ ಪಕ್ಕದ ಮನೆಯ ಹುಡುಗಿಯ ಲಂಗಕ್ಕೆ ಝಿಪ್ಪು ಹಾಕಿಕೊಟ್ಟವಳು ನಾನು, ಆಸೆ ಬಿಡುವುದಕ್ಕೆ ಪುರುಸೊತ್ತೆಲ್ಲಿತ್ತು. ಈ ಸೋಫಾ ಬೇರೆ, ಕೂತ ಕ್ಷಣ ಕುಸಿದವಳು ಇನ್ನೂ ಕುಸಿಯುತ್ತಲೇ ಇದ್ದೇನೆ, ಮಂಡಿ ಮೂಗಿನ ಮಟ್ಟಕ್ಕೆ ಬಂದಿದೆ, ಮುಂದಿನ ಸಾಲು ಗಣ್ಯರಿಗಂತೆ, ಗಣ್ಯರಾದವರು ಹೀಗೇ ಮುಳುಗಿ ಕೂರಬೇಕೇನೋ, ಹಿಂದೆ ಇರೋ ಕಬ್ಬಿಣದ ಕುರ್ಚಿ ಸಾಕು ನಂಗೆ ಅಂದೆ, ಛೆ ಛೆ ಅಜ್ಜಿ, ಇವತ್ತು ನೀವೇ ನಮ್ಮ ವಿಶೇಷ ಅತಿಥಿ ಅಂದಳು ದತ್ತಿ ಸಂಸ್ಥೆಯ ಕಾರ್ಯದರ್ಶಿ, ಅಜ್ಜಿಯಂತೆ, ಬಣ್ಣ ಹಾಕಿದ ಅವಳ ಕೂದಲ ಬುಡದಲ್ಲಿ ನನಗಿಂತ ಹೆಚ್ಚು ಬಿಳುಪಿದೆ, ಹಾಗೆನ್ನುತ್ತಲೇ ಕೈಯಲ್ಲಿದ್ದ ಕೋಲನ್ನೂ ಇಸಿದುಕೊಂಡಳು, ಫೋಟೋದಲ್ಲಿ ಕೋಲು ಕಾಣಬಾರದು ಅಜ್ಜಿ, ಹೊಸ ಮಂಡಿ ಇದೆಯಲ್ಲ. ಅಗೋ ಅಲ್ಲಿದೆ, ವೇದಿಕೆಯ ಮೆಟ್ಟಿಲ ಹತ್ತಿರ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ ಗೋಡೆಗೆ ಒರಗಿದೆ, ಹಿಡಿಗೆ ನಾನೇ ಸುತ್ತಿ ಹೊಲಿದ ನೀಲಿ ಲೈನಿಂಗ್ ಬಟ್ಟೆ ಇಲ್ಲಿಗೂ ಕಾಣುತ್ತದೆ.

ಚಪ್ಪಾಳೆ, ನಾನೂ ತಟ್ಟುತ್ತೇನೆ, ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ, ಈಗ ಸಂಸ್ಥೆಯ ಅಧ್ಯಕ್ಷೆ ಎದ್ದರು, ಒಳ್ಳೆಯ ಬಟ್ಟೆ, ಒಳ್ಳೆಯ ಹೊಲಿಗೆ, ಕತ್ತಿನ ಹತ್ತಿರ ಮಾತ್ರ ಲೇಬಲ್ಲು ಹೊರಗೆ ಬಂದಿದೆ, ನಾವು ಕೊಟ್ಟ ವಾಕರ್ ಹಿಡಿದು ಆ ಎಪ್ಪತ್ತೈದರ ತಾಯಿ ಮೊದಲ ಹೆಜ್ಜೆ ಇಟ್ಟಾಗ ನಾನು ಅತ್ತುಬಿಟ್ಟೆ ಅನ್ನುತ್ತಿದ್ದಾರೆ, ಇವರು ಯಾವಾಗ ಬಂದಿದ್ದರು ಅಳುವುದಕ್ಕೆ, ವಾಕರ್ ಬಂದದ್ದು ಆಟೋದಲ್ಲಿ, ನಮ್ಮ ಮನೆಯ ಬಾಗಿಲಲ್ಲಿ ಅದು ತೂರಲೇ ಇಲ್ಲ, ಹೊರಗೆ ನಿಲ್ಲಿಸಿ ಸೊಸೆ ಅದರ ಮೇಲೆ ಟವೆಲ್ಲು ಒಣಗಿಸುತ್ತಾಳೆ. ಅವರಾದ ಮೇಲೆ ನಾಗರಿಕ ವೇದಿಕೆಯ ಸಂಚಾಲಕರು, ತೋಳಿನ ಗುಂಡಿ ಒಂದಿಲ್ಲ, ಕೈ ಬೀಸಿದ್ದೇ ಬೀಸಿದ್ದು, ನಮ್ಮ ಹೋರಾಟದಿಂದ ಫುಟ್‌ಪಾತ್ ಆಗದಿದ್ದರೆ ಎಂಬತ್ತರ ಈ ಹಿರಿಯ ಜೀವ ಎಲ್ಲಿ ನಡೆಯಬೇಕಿತ್ತು — ಫುಟ್‌ಪಾತ್ ಆಗಿದ್ದೂ ನಿಜ, ವಾರದಲ್ಲಿ ಪೈಪಿಗೆಂದು ಅಗೆದಿದ್ದೂ ನಿಜ, ಮೂರು ಭಾಷಣಕ್ಕೆ ನನಗೆ ಹತ್ತು ವರ್ಷ ವಯಸ್ಸಾಯಿತು, ಇನ್ನೊಬ್ಬರು ಮಾತಾಡಿದರೆ ಇಲ್ಲೇ ಮಣ್ಣು ಮಾಡುತ್ತಾರೆ. ನಗಬೇಡ, ನಗಬೇಡ, ಸೊಸೆ ಬೆಳಿಗ್ಗೆ ತಲೆ ಬಾಚುತ್ತ ಹೇಳಿದ್ದಳಲ್ಲ, ಅತ್ತೆ, ಅವರು ಏನಾದ್ರೂ ಹೇಳ್ಕೊಳ್ಳಲಿ, ನೀವು ಬಾಯಿ ಬಿಡಬೇಡಿ, ಎಡಗಾಲು ಆಗೋವರೆಗಾದ್ರೂ. ಎಡಗಾಲು. ಸಮ್ಮೇಳನ ಮುಗೀಲಿ ಅಮ್ಮ, ಆಮೇಲೆ ಎಡಗಡೇದು ನೋಡೋಣ ಅಂದಿದ್ದಾರೆ ಡಾಕ್ಟರು, ನೀವು ನಡೆಯೋದನ್ನ ದಾನಿಗಳು ಕಣ್ಣಾರೆ ನೋಡಿದ್ರೆ ಅದೂ ಆದ ಹಾಗೇ ಅಂದಿದ್ದಾರೆ ಅಧ್ಯಕ್ಷೆ, ನನಗೆ ಆ ಮಂಡಿ ಬೇಕು, ಸೊಸೆಯ ಹೆಗಲು ಹಿಡಿಯದೆ ಬಚ್ಚಲಿಗೆ ಹೋಗಬೇಕು, ಅವಳು ತುಟಿ ಪಿಟಕ್ಕೆನ್ನದೆ ಹೆಗಲು ಕೊಡುತ್ತಾಳೆ, ಅದಕ್ಕೇ ನನಗೆ ಹೆಚ್ಚು ನಾಚಿಕೆ.

ಬನ್ನಿ ತಾಯಿ, ಎದ್ದು ಬನ್ನಿ, ಎಲ್ಲರೂ ನೋಡಲಿ ಅನ್ನುತ್ತಿದ್ದಾರೆ ಅಧ್ಯಕ್ಷೆ, ಇಡೀ ಸಭೆ ಚಪ್ಪಾಳೆ ತಟ್ಟುತ್ತಿದೆ, ನಾನು ಕೈ ಊರಿದೆ, ಊರಿದ ಕಡೆ ಸೋಫಾ ಹಳ್ಳವಾಯಿತು, ಬಲಗಾಲು ಸೈ ಅಂತು, ಎಡಗಾಲು ಆಗಲ್ಲ ಅಂತು, ಅರ್ಧ ಎದ್ದವಳು ದೊಪ್ಪೆಂದು ವಾಪಸ್ಸು, ಚಪ್ಪಾಳೆ ಜೋರಾಯಿತು, ಮತ್ತೊಮ್ಮೆ ಎದ್ದೆ, ಮತ್ತೊಮ್ಮೆ ಬಿದ್ದೆ, ಈಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು, ಆಮೇಲೆ ಅದೂ ಇಲ್ಲ, ಅಜ್ಜಿ ಭಾವುಕರಾಗಿದ್ದಾರೆ ಅನ್ನುತ್ತ ಕಾರ್ಯದರ್ಶಿ ನನ್ನ ಬಾಯಿಯ ಮುಂದೆ ಮೈಕು ಹಿಡಿದಳು, ಎರಡು ಮಾತು ಹೇಳಿ ಅಜ್ಜಿ. ಏನು ಹೇಳಲಿ, ಬಾಯಿ ಬಿಡಬೇಡಿ ಅತ್ತೆ, ಬಾಯಿ ಬಿಟ್ಟರೆ ಎಡಮಂಡಿ ಹೋಯಿತು, ಬಿಡದಿದ್ದರೆ ಮೂಟೆ ಎತ್ತಿದ ಹಾಗೆ ಇಷ್ಟು ಜನರ ಮುಂದೆ ನನ್ನನ್ನು ಎತ್ತುತ್ತಾರೆ, ಅದು ಬೇಡ, ಅದೊಂದು ಬೇಡ, ಅಲ್ಲೇ ಇದೆ, ಕೆಂಪು ಸಿಲಿಂಡರಿನ ಪಕ್ಕ, ನೀಲಿ ಹಿಡಿ — ನನ್ನ ಕೋಲು ಕೊಡಿ.

ಅಷ್ಟೂ ಸ್ಪೀಕರುಗಳು ನನ್ನ ಕೋಲು ಕೊಡಿ ಅಂದವು, ಅಧ್ಯಕ್ಷೆಯ ಮುಖ ಹುಳ್ಳಗಾಯಿತು, ಹೋಯಿತು ಮಂಡಿ ಅಂದುಕೊಂಡೆ, ಅಷ್ಟರಲ್ಲಿ ಡಾಕ್ಟರು ಮೆಟ್ಟಿಲಿಳಿದರು, ಅವರನ್ನು ನೋಡಿ ಅಧ್ಯಕ್ಷೆ ಇಳಿದರು, ಅವರಿಬ್ಬರನ್ನು ನೋಡಿ ಸಂಚಾಲಕರು ಓಡಿಯೇ ಬಂದರು, ಮೂವರೂ ಒಟ್ಟಿಗೆ ಕೋಲಿಗೆ ಕೈ ಹಾಕಿದರು, ಡಾಕ್ಟರ ಕಂಕುಳ ಹೊಲಿಗೆ ಕೊನೆಗೂ ಬಿಚ್ಚಿಕೊಂಡಿತು, ಯಾರೂ ಬಿಡಲೊಲ್ಲರು, ಸರ್ ಇಲ್ಲಿ ನೋಡಿ, ಮೇಡಂ ಸ್ವಲ್ಪ ನಗಿ, ಕೋಲು ಸ್ವಲ್ಪ ಮೇಲಕ್ಕೆ ಅನ್ನುತ್ತಿದ್ದಾನೆ ಫೋಟೋದವನು, ಚಪ್ಪಾಳೆ ಮತ್ತೆ ಶುರುವಾಗಿದೆ, ನಾನು ಸೋಫಾದೊಳಗಿಂದ ಕೈ ಚಾಚಿದ್ದೇನೆ, ಚಾಚಿಕೊಂಡೇ ಇದ್ದೇನೆ, ನೀಲಿ ಹಿಡಿಯ ಮೇಲೊಂದು ಕೈ, ನಡುವೆ ಒಂದು, ತುದಿಯಲ್ಲೊಂದು, ಇನ್ನೊಂದು ಫೋಟೋ ಸರ್, ನೀಲಿ ಹಿಡಿ, ಮೂರು ಕೈ, ನನ್ನ ಕೋಲು