ಗಂಜಿ ಹಚ್ಚಿದ ದಾರ

ಸುರ್ರೆಂದು ಚಹಾ ಹೀರುವ ಸದ್ದು, ಬಸಿಗೆ ಸುರುವಿಕೊಂಡೇ ಕುಡಿಯುತ್ತಾನೆ ಈ ಕಳಕಪ್ಪ, ನಮಗೆ ಕಂಪನಿಯ ಕೆಲಸ ತಂದುಕೊಡುವ ಏಜೆಂಟ, ನನ್ನ ಮನೆಯ ಬಸಿ, ನನ್ನ ಮನೆಯ ಸಕ್ಕರೆ, ಪಡಸಾಲೆಯಲ್ಲಿ ನನ್ನ ಗಂಡನ ಮಗ್ಗುಲಿಗೆ ಕೂತು ನನ್ನ ಮೇಲೆಯೇ ಕಾಗದ ಬರೆದುಕೊಂಡು ಬಂದಿದ್ದಾನೆ, ಒಳಗೆ ಕೂತವಳಿಗೆ ಕೇಳಲಿ ಎಂದೇ ಗಟ್ಟಿಯಾಗಿ ಮಾತಾಡುತ್ತಾನೆ — ನೋಡೋ ಆಫ್ತಾಬ, ನಿನ್ನ ಹೆಂಡ್ತಿದು ಬರೇ ಒಂದ್ ಸಹಿ, ನಾಹೀದ ತನ್ನ ಬುದ್ಧೀಲೆ ದಾರಕ್ಕ ಗಂಜಿ ಹಚ್ಚಿದ್ಲು, ಯಾರೂ ಹೇಳಿದ್ದಿಲ್ಲ, ಇಷ್ಟ ಬರದೀನಿ, ಕಂಪನಿಯವ್ರಿಗೆ ಕಳಿಸಿದ್ರ ಮುಗೀತ — ಮತ್ತೆ ನನ್ನ ಗಂಡ, ಹೌದ್ರಿ, ಹೌದ್ರಿ, ಬೇರೆ ಮಾತು ಬರುವುದಿಲ್ಲವೇ ಇವನ ಬಾಯಲ್ಲಿ, ಯಾರು ಹೇಳಿದ್ದಿಲ್ಲ, ಏನು ಹೇಳಿದ್ದಿಲ್ಲ, ಎದ್ದು ಹೋಗಿ ಆ ಬಸಿ ಕಸಿದುಕೊಳ್ಳಬೇಕು ಅನಿಸುತ್ತದೆ, ಕೂತಿದ್ದೇನೆ, ಇಕ್ಕಳದ ಬಾಯಿಗೆ ಗಾಳ ಕೂರಿಸುತ್ತಿದ್ದೇನೆ, ಅಕ್ಕಿಕಾಳಿಗಿಂತ ಚೂರು ದೊಡ್ಡ ಗಾಳ, ಎರಡು ಸಲ ಜಾರಿತು. ಎರಡು ವರ್ಷದಲ್ಲಿ ನನ್ನ ಕೈಯಿಂದ ಗಾಳ ಜಾರಿದ್ದು ಇವತ್ತೇ.

ಎರಡು ವರ್ಷ, ಈ ಗಜೇಂದ್ರಗಡದಲ್ಲಿ ಮಗ್ಗ ಬಿಟ್ಟು ಬೇರೆ ಕೆಲಸ ಕಾಣದ ಒಂಬತ್ತು ಹೆಂಗಸರಿಗೆ ಕಲಿಸಿದವಳು ನಾನು, ಮೊದಲು ಗಾಳದ ಮೈತುಂಬ ದಾರ, ಅದರ ಮೇಲೆ ಕಂದು ನೂಲು, ನೂಲಿನ ಮೇಲೆ ಕೋಳಿಪುಕ್ಕ ಸುತ್ತು, ಕೊನೆಗೆ ಬೆನ್ನ ಮೇಲೆ ಜಿಂಕೆ ಕೂದಲಿನ ಒಂದು ಚಿಟಿಕೆ, ತಗಡಿನ ಶೆಡ್ಡಿನ ಹಾಗೆ ಎರಡೂ ಕಡೆ ಇಳಿಯಬೇಕು, ಆಮೇಲೆ ಗಂಟು, ಗಂಟಿಗೆ ವಾರ್ನಿಶ್ — ಹದಿನಾಲ್ಕು ನಂಬರಿನ ಹುಳ, ಅಷ್ಟೇ ಹೆಸರು ನಮಗೆ ಗೊತ್ತಿದ್ದದ್ದು. ಇದೇನ್ ಮಾಡ್ತಾರ್ರೀ ಅಣ್ಣಾರ, ಮೀನಿನ ಗಾಳ ಇದ್ದಂಗ ಐತಲ್ಲ, ಅಂತ ಮೊದಲ ದಿನವೇ ಕಳಕಪ್ಪನನ್ನು ಕೇಳಿದ್ದೆ, ನಕ್ಕು ಒಂದು ಫೋಟೋ ತೋರಿಸಿದ, ಬಿಳಿ ಗಡ್ಡದ ಪರದೇಶದ ಮುದುಕ, ಟೋಪಿಯ ಸುತ್ತ ಇಂಥವೇ ಹತ್ತಿಪ್ಪತ್ತು ಹುಳ ಚುಚ್ಚಿಕೊಂಡು ಹಲ್ಲು ಕಿರಿಯುತ್ತಿದ್ದ — ಟೋಪಿಗೆ ಚುಚ್ಚಿಕೋತಾರ ತಂಗಿ, ಅವರದು ಶೋಕಿ. ನಂಬಿದೆ, ಒಂಬತ್ತೂ ಮಂದಿ ನಂಬಿದರು, ಎರೆಹುಳ ಬಿಟ್ಟು ಕೋಳಿಪುಕ್ಕ ತಿನ್ನಲು ಬರುವ ಮೀನು ಯಾವ ಊರಿನದು ಅಂತ ಯಾರಿಗೆ ಹೊಳೆಯಬೇಕು, ಕಾಶೀಂಬಿ ಅತ್ತೆ ಹೇಳುತ್ತಿದ್ದಳು, ಇಷ್ಟು ಹುಳ ಚುಚ್ಚಿಕೊಳ್ಳಲಿಕ್ಕೆ ಅವರಿಗೆ ಎಷ್ಟು ತಲೆ ಇದ್ದಾವಬೇ ನಾಹೀದ, ನಕ್ಕಿದ್ದೇ ನಕ್ಕಿದ್ದು ಆ ದಿನ.

ಆಮೇಲೆ ವಾರ್ನಿಶ್ ಮುಗಿಯಿತು, ಅದನ್ನು ಯಾಕೆ ಬರೆದಿಲ್ಲ ಆ ಕಾಗದದಲ್ಲಿ, ಬಾಟಲಿ ತಳ ಹತ್ತಿ ಎಂಟು ದಿನವಾಗಿತ್ತು, ಕಳಕಪ್ಪನಿಗೆ ಫೋನ್ ಮಾಡಿಸಿದೆ, ರೋಣದಾಗ ಅದೀನಿ, ಶನಿವಾರ ತರ್ತೀನಿ ಅಂದ, ಶನಿವಾರ ಬರಿಗೈಲಿ ಬಂದು ಮೋಟರ್ ಸೈಕಲ್ ಮೇಲಿಂದ ಇಳಿಯದೇ ಹೇಳಿದ — ನೇಕಾರರ ಮನಿ ಹೆಣ್ಮಗಳಾಗಿ ದಾರಕ್ಕ ಏನ್ ಹಚ್ಚಬೇಕು ನನ್ನ ಕೇಳ್ತಿಯೇನವಾ, ನಿಮ್ಮ ಕಡಿ ಏನೈತಿ ಅದನ್ನ ಹಚ್ಚ್ರಿ, ಮಾಲು ನಿಂದರಬಾರದು. ನಮ್ಮ ಕಡೆ ಏನಿದೆ, ಗಂಜಿ ಇದೆ. ಮಗ್ಗಕ್ಕೆ ಏರಿಸುವ ಸೀರೆಯ ಹಾಸಿನ ಎಳೆಗಳಿಗೆ ಅತ್ತೆ ದಿನಾ ಕುದಿಸುವ ಗಂಜಿ, ಎಳೆ ಬಿರುಸಾಗುತ್ತದೆ, ಸಿಕ್ಕಾಗುವುದಿಲ್ಲ, ಒಣಗಿದ ಮೇಲೆ ಫಳಫಳ ಹೊಳೆಯುತ್ತದೆ, ಗಂಟು ಗಾಜಿನ ಮಣಿಯಂತೆ ಕೂತಿತು, ಇದೇ ಕಳಕಪ್ಪ ಒಂದನ್ನು ಬೆಳಕಿಗೆ ಹಿಡಿದು ನೋಡಿ, ವಾರ್ನಿಶ್ಶಿಗಿಂತ ಚಲೋ ಆತಲ್ಲ ತಂಗಿ, ಎಲ್ಲಾದಕ್ಕೂ ಹಿಂಗ ಹಚ್ಚ್ರಿ ಅಂದವನು. ಈಗ ಗಂಜಿ ಹಚ್ಚಿ ಕಳಿಸಿದ ಆರೂ ಡಬ್ಬಿ ಕಂಪನಿಯಿಂದ ವಾಪಸ್, ನೀರಿಗೆ ಬಿದ್ದ ಕೂಡಲೇ ಗಂಟು ಕರಗಿ ಪುಕ್ಕ ಒಂದು ಕಡೆ, ಕೂದಲು ಒಂದು ಕಡೆ, ಬರೀ ಗಾಳ ಉಳಿಯಿತಂತೆ, ನಿನ್ನೆ ಡಬ್ಬಿಗಳನ್ನು ನನ್ನ ಮುಂದೆ ಚೆಲ್ಲಿ, ನೀರಿಗೆ ಹಾಕೂ ಮಾಲಿಗೆ ಗಂಜಿ ಹಚ್ಚ್ಯಾಳ ನೋಡ್ರಿ ಶ್ಯಾಣ್ಯಾಕಿ, ಅಂತ ಓಣಿಯ ಹೆಂಗಸರ ಎದುರು ನಕ್ಕ. ನೀರಿಗೆ, ಮೀನು ಹಿಡಿಯಲಿಕ್ಕೆ! ಆ ಮಾತು ನನ್ನ ಕಿವಿಗೆ ಬಿದ್ದದ್ದು ನಿನ್ನೆ, ಎರಡು ವರ್ಷದ ಮೇಲೆ.

ಡಬ್ಬಿಯ ಜೊತೆ ಬಂದ ಕಂಪನಿಯ ಚೀಟಿಯ ಮೇಲೆ ನಮ್ಮ ಹುಳದ ಚಿತ್ರವಿತ್ತು, ಕ್ಯಾಡಿಸ್ ಅಂತ ಓದಿದ ಕಳಕಪ್ಪ, ಹೊಳೆಯೊಳಗಿನ ಹುಳ ಅಂತೆ, ಕಲ್ಲಿನ ಬುಡದಲ್ಲಿ ಉಸುಕಿನ ಮನೆ ಕಟ್ಟಿಕೊಂಡು ಇರುತ್ತದಂತೆ, ರೆಕ್ಕೆ ಬಂದ ಮೇಲೆ ನೀರಿನ ಮೇಲೆ ಕೂರುತ್ತದಂತೆ — ನನಗೆ ಹೇಳುತ್ತಾನೆ, ಹೊಳೆಮಣ್ಣೂರಿನಲ್ಲಿ ಹುಟ್ಟಿದವಳಿಗೆ, ಬ್ಯಾಸಗಿಯಲ್ಲಿ ಮಲಪ್ರಭೆ ಮೊಣಕಾಲಿಗೆ ಇಳಿದಾಗ ಕಲ್ಲು ಮಗುಚಿ ಆ ಉಸುಕಿನ ಕೊಳವೆಗಳನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡವಳಿಗೆ, ಒಳಗಿಂದ ಕಪ್ಪು ತಲೆ ಹೊರಗೆ ಬರುತ್ತಿತ್ತು, ಅಮ್ಮ ಕೂಗುತ್ತಿದ್ದಳು, ಬಿಡ ಅದನ್ನ, ಅದಕ್ಕೂ ಮನಿ ಐತಿ, ಸಂಜೆ ಕಂದೀಲಿನ ಸುತ್ತ ಅವೇ ರೆಕ್ಕೆ ಮಡಚಿಕೊಂಡು ಕೂರುತ್ತಿದ್ದವು. ಹೊಳೆಯ ಹುಳ ಅಂತ ಒಂದೇ ಒಂದು ಮಾತು ಹೇಳಿದ್ದರೆ ಗಂಜಿ ಹಚ್ಚುತ್ತಿದ್ದೆನೇ ನಾನು, ಒದ್ದೆ ಸೀರೆಯಿಂದ ಗಂಜಿ ಬಿಡುತ್ತದೆ ಎಂದು ಗೊತ್ತಿಲ್ಲದ ಕೂಸೇ, ನನ್ನ ಕೈಗೆ ಕೆಲಸ ಕೊಟ್ಟರು, ಅದು ಎಲ್ಲಿಗೆ ಹೋಗುತ್ತದೆ ಎಂದು ಹೇಳಲಿಲ್ಲ, ಹೆಂಗಸರಿಗ್ಯಾಕ ಅದೆಲ್ಲ ಎಂದು ತಮ್ಮಲ್ಲೇ ಇಟ್ಟುಕೊಂಡರು.

ಗಾಳ ಕೂತಿತು. ಸುತ್ತು ನಾಹೀದ, ಈ ದಾರಕ್ಕೆ ಗಂಜಿ ಇಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುವ ಲಕ್ಷ್ಮಪ್ಪನ ಹತ್ತಿರ ಬೆಳಿಗ್ಗೆ ಇಸಿದುಕೊಂಡು ಬಂದ ಮೇಣ, ಬೆರಳಲ್ಲಿ ಬಿಸಿ ಮಾಡಿ ಎಳೆಯುದ್ದಕ್ಕೂ ತಿಕ್ಕಿದ್ದೇನೆ — ಹೊರಗೆ ಇನ್ನೂ ನಡೆದಿದೆ, ಸಹಿ ಹಾಕಿದ್ರ ಕೆಲಸ ಊರಾಗ ಉಳೀತೈತಿ, ಹುಳ ಕಟ್ಟೋ ಫಕೀರವ್ವನ ಮನ್ಯಾಗ ಎಲ್ಲಾರೂ ಕುಂದರ್ತಾರ, ನಿನ್ನ ಹೆಂಡ್ತಿ ಒಬ್ಬಾಕಿನ್ನ ಬಿಟ್ಟು, ಹಾಕ್ಲಿಲ್ಲಂದ್ರ ಎಲ್ಲಾ ನರಗುಂದಕ್ಕ ಒಯ್ತೀನಿ — ಒಂಬತ್ತು ಮಂದಿಯ ಹೊಟ್ಟೆ ನನ್ನ ಸಹಿಗೆ ಕಟ್ಟುತ್ತಾನೆ, ಎಷ್ಟು ಸಲೀಸಾಗಿ ಕಟ್ಟುತ್ತಾನೆ, ಇವನಿಗೂ ಈ ಕೆಲಸ ಬರುತ್ತಿತ್ತು, ಪುಕ್ಕ, ಕೂದಲು, ಎಳೆ, ಗಂಟು, ಇನ್ನೊಂದು ಗಂಟು — ಆಫ್ತಾಬ ಬಾಗಿಲಿಗೆ ಬಂದ, ಹಾಕಿಬಿಡ ನಾಹೀದ, ಯಾಕ ಸುಮ್ನ, ಒಂದ್ ಹೆಸರಲ್ಲ. ಒಂದು ಹೆಸರು. ನಿನ್ನದು ಬರಿ ಮತ್ತ, ನಿಂದೂ ಹೆಸರ ಐತಲ್ಲ, ಅಂದೆ, ಹುಳವನ್ನು ಇಕ್ಕಳದಿಂದ ಬಿಡಿಸಿಕೊಂಡು ಎದ್ದೆ.

ಬೋಗುಣಿಯಲ್ಲಿ ನೀರು ತಂದು ಕಳಕಪ್ಪನ ಮುಂದೆ ಕುಕ್ಕಿದೆ, ಹುಳ ಬಿಟ್ಟೆ, ತೇಲಿತು, ಬೆರಳಿಂದ ಒತ್ತಿ ಮುಳುಗಿಸಿದೆ, ಮತ್ತೆ ಮೇಲೆ ಬಂತು, ರೆಕ್ಕೆ ನೆಟ್ಟಗಿತ್ತು — ತೇಲಿದ್ರೇನಾತು, ಕಾಗದದ ಮಾತ ಬ್ಯಾರೆ, ಅಂದು ಸಿಟ್ಟಿನಲ್ಲಿ ಬೋಗುಣಿಗೆ ಕೈ ಹಾಕಿ ಹುಳವನ್ನು ಹಿಡಿದು ಹಿಂಡಿದ, ಆಮೇಲೆ ಯವ್ವಾ ಅಂದ. ಹೆಬ್ಬೆರಳಿನ ಮೆತ್ತನೆಯ ಮಾಂಸದಲ್ಲಿ ಪೂರಾ ಇಳಿದಿದೆ, ಜಗ್ಗುತ್ತಾನೆ, ಜಗ್ಗಿದರೆ ಬರುವುದಿಲ್ಲ, ಒಳಗೆ ಮುಳ್ಳು ಕಚ್ಚಿಕೊಳ್ಳುತ್ತದೆ, ಮುಂದಕ್ಕೆ ದೂಡಿ ತುದಿ ಹೊರಗೆ ಬಂದ ಮೇಲೆ ಮುರಿಯಬೇಕು, ನನಗೂ ಆ ಒಂಬತ್ತೂ ಮಂದಿಗೂ ಗೊತ್ತು, ನಮ್ಮ ಬೆರಳಿಗೆ ಎಷ್ಟು ಸಲ ಇಳಿದಿಲ್ಲ, ಇವನಿಗೆ ಗೊತ್ತಿಲ್ಲ, ಇವನ ಬೆರಳಿಗೆ ಇದು ಮೊದಲ ಸಲ. ಮುಂಗೈ ಹಿಡಿದೆ. ಜಗ್ಗಬ್ಯಾಡ್ರಿ, ನಾ ತಗೀತೀನಿ. ವಾರ್ನಿಶ್ ಮುಗದಾಗ ಏನ್ ಹೇಳಿದ್ರಿ, ಮೊದಲ ಅದನ್ನ ಹೇಳ್ರಿ, ಇವರ ಮುಂದ. ಆಫ್ತಾಬ ಏನೋ ಅನ್ನುತ್ತಿದ್ದಾನೆ, ತಗಿ ಅನ್ನುತ್ತಿದ್ದಾನೆ, ಬಾಗಿಲಲ್ಲಿ ಅತ್ತೆ ನಿಂತಿದ್ದಾಳೆ, ಕಳಕಪ್ಪ ಜಗ್ಗಿದ, ಪುಕ್ಕ ಹಾಗೇ ಇದೆ, ಮತ್ತೆ ಜಗ್ಗಿದ, ಗಂಟು ಬಿಚ್ಚಲಿಲ್ಲ, ನೀರು ತೊಟ್ಟಿಕ್ಕುತ್ತಿದೆ, ರಕ್ತ ಒಂದು ಹನಿ, ನನಗೆ ಅವಸರವಿಲ್ಲ, ಹೇಳ್ರಿ, ಅವನ ಬಾಯಿ ತೆರೆದಿದೆ, ಬೆರಳ ಮೇಲೆ ಹುಳ, ರೆಕ್ಕೆ ಮಡಚಿ ಕೂತ ಹುಳ, ಕೂತೇ ಇದೆ, ಹುಳ —